ಸೂಟಿನ ಕಿಸೆಗೆ ಒಪ್ಪುವ ಪುಟ್ಟ ಚಾಕು

ಸಮಾರಂಭಕ್ಕೆ ಹೋಗುವಾಗ ಕಿಸೆಯಲ್ಲಿಡುವ ಚಾಕನ್ನು ಆರಿಸುವ ಕೆಲಸ ಬಟ್ಟೆಯಿಂದಲೇ ಶುರುವಾಗಬೇಕು. ಜೀನ್ಸ್ ಕಿಸೆ 120 ಗ್ರಾಂ ತೂಕದ ಚಾಕನ್ನೂ ತಾಳಿಕೊಳ್ಳುತ್ತದೆ. ತೆಳು ಉಣ್ಣೆಯ ಪ್ಯಾಂಟಿನ ಕಿಸೆಗೆ ಅದು ಆಗದ ಮಾತು. ನಡೆಯುವಾಗ ತೊಡೆಗೆ ಬಡಿಯುತ್ತದೆ, ಕೂತಾಗ ಅದರ ಆಕಾರ ಹೊರಗೆ ಮೂಡುತ್ತದೆ, ಇಸ್ತ್ರಿಯ ಗೆರೆ ಕೆಡುತ್ತದೆ. ಆದ್ದರಿಂದ ಅಳತೆಗಳನ್ನು ಮೊದಲೇ ಗಟ್ಟಿ ಮಾಡಿಕೊಳ್ಳಿ: ಮಡಚಿದಾಗ ಉದ್ದ 7ರಿಂದ 8.5 ಸೆಂ.ಮೀ., ದಪ್ಪ 10 ಮಿ.ಮೀ. ಒಳಗೆ, ತೂಕ 50 ಗ್ರಾಂ ಒಳಗೆ. ಇದರಲ್ಲಿ ದಪ್ಪದ ಬಗ್ಗೆಯೇ ಹೆಚ್ಚು ಹಟ ಹಿಡಿಯಬೇಕು. ಉದ್ದ ಅರ್ಧ ಸೆಂ.ಮೀ. ಹೆಚ್ಚಾದರೆ ಯಾರ ಕಣ್ಣಿಗೂ ಬೀಳದು, ದಪ್ಪ 3 ಮಿ.ಮೀ. ಹೆಚ್ಚಾದರೆ ಎದ್ದು ಕಾಣುತ್ತದೆ.

ಇಂಥ ಕಡೆ ಚಾಕುವಿಗೆ ಬರುವ ಕೆಲಸ ಸಣ್ಣದು. ಉಡುಗೊರೆಗೆ ಸುತ್ತಿದ ರಿಬ್ಬನ್ ಕತ್ತರಿಸುವುದು, ಲಕೋಟೆ ಬಿಡಿಸುವುದು, ತೋಳಿನ ಬಳಿ ಎದ್ದ ನೂಲಿನ ಎಳೆ ತೆಗೆಯುವುದು, ಹೊಸ ಬಟ್ಟೆಯ ಬೆಲೆಚೀಟಿ ಬಿಡಿಸುವುದು, ಹಣ್ಣು ಹೋಳು ಮಾಡುವುದು. ಐದಾರು ಸೆಂ.ಮೀ. ಅಲಗಿದ್ದರೆ ಇಷ್ಟೂ ಆಗುತ್ತದೆ. ಉಳಿದದ್ದೆಲ್ಲ ಸುತ್ತಲಿದ್ದವರ ಕಣ್ಣಿಗೆ ಅದು ಹೇಗೆ ಕಾಣುತ್ತದೆ ಎಂಬುದಕ್ಕೆ ಸೇರಿದ್ದು. ಹೊರತೆಗೆದಾಗ ಪಕ್ಕದವರು ಬೆಚ್ಚಿಬೀಳಬಾರದು. ಕಪ್ಪು ಲೇಪನ, ಗರಗಸದಂಥ ಹಲ್ಲು, ಬೆರಳಿನಿಂದ ಒತ್ತಿದರೆ ಟಕ್ಕೆಂದು ಚಿಮ್ಮುವ ಅಲಗು — ಈ ಮೂರರಲ್ಲಿ ಒಂದಿದ್ದರೂ ಬಿಟ್ಟುಬಿಡಿ. ಎರಡೂ ಕೈ ಬಳಸಿ, ಉಗುರಿನಿಂದ ಮೆಲ್ಲಗೆ ಬಿಡಿಸುವ ಚಾಕು ನೋಡುವವರಿಗೆ ಹಣ್ಣಿನ ಚಾಕುವಾಗಿಯೇ ಕಾಣುತ್ತದೆ.

ಹಾಗಾಗಿ ಸ್ಲಿಪ್‌ಜಾಯಿಂಟ್ ಎಂಬ ಹಳೆಯ ರಚನೆಯೇ ಇಲ್ಲಿಗೆ ಸರಿ. ಇದರಲ್ಲಿ ಲಾಕ್ ಇರುವುದಿಲ್ಲ. ಹಿಡಿಯ ಬೆನ್ನಿನುದ್ದಕ್ಕೂ ಒಂದು ಉಕ್ಕಿನ ಸ್ಪ್ರಿಂಗ್ ಪಟ್ಟಿ ಇರುತ್ತದೆ. ಅಲಗಿನ ಬುಡವನ್ನು ಅದು ಸದಾ ಒತ್ತುತ್ತಿರುವುದರಿಂದ ಬಿಡಿಸಿದ ಅಲಗು ಬಿಡಿಸಿದಂತೆ, ಮಡಚಿದ್ದು ಮಡಚಿದಂತೆ ನಿಲ್ಲುತ್ತದೆ. ಲಾಕಿನ ತುಂಡುಗಳಿಲ್ಲದ ಕಾರಣ ಹಿಡಿ ತೆಳ್ಳಗಾಗುತ್ತದೆ. ಕಾನೂನಿನ ದೃಷ್ಟಿಯಿಂದಲೂ ಇದು ಹಗುರ. ಉದಾಹರಣೆಗೆ ಬ್ರಿಟನ್ನಿನ 1988ರ ಕಾಯ್ದೆ ಸಾರ್ವಜನಿಕ ಸ್ಥಳದಲ್ಲಿ ಕಾರಣ ಕೊಡದೆ ಇಟ್ಟುಕೊಳ್ಳಲು ಬಿಡುವುದು 3 ಇಂಚಿಗಿಂತ, ಅಂದರೆ 7.62 ಸೆಂ.ಮೀ.ಗಿಂತ ದೊಡ್ಡದಲ್ಲದ ಅಲಗಿನ ಮಡಚುವ ಚಾಕನ್ನು ಮಾತ್ರ. ಲಾಕ್ ಇರುವುದು ಆ ವಿನಾಯಿತಿಯೊಳಗೆ ಬರುವುದಿಲ್ಲ. ಊರೂರಿನ ನಿಯಮ ಬೇರೆ, ಹೋಗುವ ಕಡೆಯದನ್ನು ಮೊದಲೇ ನೋಡಿಕೊಳ್ಳಿ. ಬಾಗಿಲಲ್ಲಿ ತಪಾಸಣೆ ಇರುವ ಸಮಾರಂಭಕ್ಕೆ ಚಾಕು ಒಯ್ಯುವುದೇ ಬೇಡ. ವಿಮಾನದಲ್ಲಿ ಹೋಗುವಾಗ ಅದು ಚೆಕ್-ಇನ್ ಪೆಟ್ಟಿಗೆಯಲ್ಲಿರಲಿ.

ಕೊಳ್ಳುವಾಗ ಪರೀಕ್ಷೆ ಮಾಡುವ ರೀತಿ ಹೀಗೆ. ಚಾಕನ್ನು ಮಡಚಿ, ಬೆನ್ನನ್ನು ಬೆಳಕಿನತ್ತ ಹಿಡಿಯಿರಿ. ಸ್ಪ್ರಿಂಗಿಗೂ ಅದರ ಎರಡು ಪಕ್ಕದ ಲೋಹದ ತಗಡಿಗೂ ನಡುವೆ ಬೆಳಕು ತೂರಿದರೆ ಜೋಡಣೆ ಸಡಿಲ. ಮುಂದೆ ಅಲ್ಲಿಯೇ ಬೆವರು, ಕಿಸೆಯ ನೂಲು, ಹಣ್ಣಿನ ರಸ ಸೇರಿಕೊಳ್ಳುತ್ತವೆ. ಆಮೇಲೆ ಅಲಗನ್ನು ಪೂರ್ತಿ ಬಿಡಿಸಿ, ತುದಿಯನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ, ಮೇಲಕ್ಕೂ ಕೆಳಕ್ಕೂ ಒತ್ತಿ. ಪಕ್ಕಕ್ಕೆ ಕೂದಲೆಳೆಯಷ್ಟು ಅಲುಗಿದರೆ ಸಹಿಸಬಹುದು, ಮೇಲೆ ಕೆಳಗೆ ಅಲುಗಿದರೆ ಕೊಳ್ಳಬೇಡಿ. ಸ್ಪ್ರಿಂಗ್ ಅಲಗಿನ ಬುಡವನ್ನು ಸರಿಯಾಗಿ ಕಚ್ಚಿಲ್ಲ ಎಂದೇ ಅದರ ಅರ್ಥ, ಅದು ಬಳಸುತ್ತ ಹೋದಂತೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ಹಿಡಿಯ ಹೊದಿಕೆಯೂ ಹಿಡಿಯದೇ ಲೋಹದ ತುದಿಯೂ ಕೂಡುವ ಕಡೆ ಉಗುರು ಎಳೆದು ನೋಡಿ, ಎಲ್ಲಿಯೂ ತಡೆಯಬಾರದು. ತೆಳು ಬಟ್ಟೆಯನ್ನು ಸವೆಸುವುದು ಇಂಥ ಸಣ್ಣ ಮೆಟ್ಟಿಲೇ.

ಸ್ಪ್ರಿಂಗಿನ ಬಿಗಿ ಎಷ್ಟಿರಬೇಕು? ಬಿಡಿಸಲು ಬೇಕಾದ ಬಲವನ್ನು ಬಲ್ಲವರು 1ರಿಂದ 10ರವರೆಗಿನ ಅಂಕಗಳಲ್ಲಿ ಹೇಳುತ್ತಾರೆ. ಇಲ್ಲಿಗೆ 4ರಿಂದ 6 ಹದ. ಅದಕ್ಕಿಂತ ಸಡಿಲವಾದರೆ ಕಿಸೆಯಲ್ಲಿ ತಾನಾಗಿ ಬಾಯಿ ತೆರೆಯುವ ಅಪಾಯವಿದೆ. ಬಿಗಿ ಹೆಚ್ಚಾದರೆ ಉಗುರು ಮುರಿಯುತ್ತದೆ, ಮಡಚುವಾಗ ಅಲಗು ಬೆರಳಿನ ಮೇಲೆ ರಪ್ಪನೆ ಬೀಳುತ್ತದೆ. ಕೆಲವು ಚಾಕುಗಳಲ್ಲಿ ಅಲಗು 90 ಡಿಗ್ರಿಯಲ್ಲಿ ಒಮ್ಮೆ ನಿಲ್ಲುವಂತೆ ಬುಡವನ್ನು ಚೌಕವಾಗಿ ಕಡೆದಿರುತ್ತಾರೆ. ಅರ್ಧದಲ್ಲೇ ನಿಂತು ಬೆರಳು ಸರಿಸಲು ಪುರುಸೊತ್ತು ಕೊಡುವುದರಿಂದ ಹೊಸಬರಿಗೆ ಅದು ಒಳ್ಳೆಯದು.

ಸುಂದರವಾದ ಚಾಕುಗಳಲ್ಲೂ ಸಿಗುವ ಒಂದು ದೋಷವಿದೆ, ಅಂಗಡಿಯಲ್ಲಿ ಅದು ಗೊತ್ತಾಗುವುದೇ ಇಲ್ಲ. ಮಡಚಿದಾಗ ಅಲಗಿನ ಬುಡದ ಉಬ್ಬು ಮಾತ್ರ ಸ್ಪ್ರಿಂಗಿನ ಮೇಲೆ ಕೂರಬೇಕು, ಹರಿತದ ಅಂಚು ಗಾಳಿಯಲ್ಲಿ ನಿಂತಿರಬೇಕು. ಉಬ್ಬು ಗಿಡ್ಡವಾಗಿದ್ದರೆ ಪ್ರತಿ ಸಲ ಮಡಚಿದಾಗಲೂ ಅಂಚು ಸ್ಪ್ರಿಂಗಿಗೆ ಬಡಿದು ಒಂದೇ ಜಾಗದಲ್ಲಿ ಮೊಂಡಾಗುತ್ತದೆ. ಸಾಣೆ ಹಿಡಿದಷ್ಟೂ ಮತ್ತೆ ಅಲ್ಲಿಯೇ ಮೊಂಡು. ಕಂಡುಹಿಡಿಯಲು ಒಂದು ತೆಳು ಕಾಗದದ ಪಟ್ಟಿಯನ್ನು ಅಲಗಿನ ದಾರಿಯೊಳಗೆ ಇಳಿಬಿಟ್ಟು ಅಲಗನ್ನು ನಿಧಾನವಾಗಿ ಮಡಚಿ, ಬಿಡಿಸಿ ನೋಡಿ. ಕಾಗದದಲ್ಲಿ ಅಂಚು ಒತ್ತಿದ ಗುರುತು ಅಥವಾ ಸೀಳು ಬಿದ್ದರೆ ಬಡಿತ ಇದೆ. ಅಂಥ ಚಾಕನ್ನು ಮಡಚುವಾಗ ಅಲಗನ್ನು ಕೈಯಿಂದ ತಡೆದು ಮೆಲ್ಲಗೆ ಇಳಿಸುವುದೇ ಒಳ್ಳೆಯ ಅಭ್ಯಾಸ.

ಅಲಗಿನ ಆಕಾರಕ್ಕೆ ಬಂದರೆ, ಹರಿತದ ಅಂಚು ನೇರವಾಗಿದ್ದು ಬೆನ್ನು ಬಾಗಿ ಕೆಳಗಿಳಿದು ತುದಿ ಮೊಂಡಾಗಿರುವ ಶೀಪ್ಸ್‌ಫೂಟ್ ನನ್ನ ಮೊದಲ ಆಯ್ಕೆ. ಚೂಪು ತುದಿ ಇಲ್ಲದ್ದರಿಂದ ಲಕೋಟೆಯೊಳಗಿನ ಕಾಗದ ಹರಿಯುವುದಿಲ್ಲ, ನೋಡಲೂ ಸೌಮ್ಯ. ಎಲ್ಲ ಕೆಲಸಕ್ಕೂ ಒಂದೇ ಬೇಕೆನ್ನುವವರಿಗೆ ಪೆನ್ ಬ್ಲೇಡ್ ಎಂಬ ಚೂಪು ತುದಿಯ ಸಣ್ಣ ಅಲಗು ಸಾಕು. ಬೆನ್ನಿನ ದಪ್ಪ 1.5ರಿಂದ 2 ಮಿ.ಮೀ. ಇರಲಿ. 3 ಮಿ.ಮೀ. ಅಲಗು ಎಷ್ಟೇ ಹರಿತವಿದ್ದರೂ ಸೇಬನ್ನು ಹೆಚ್ಚುವ ಬದಲು ಸೀಳುತ್ತದೆ.

ಹಣ್ಣಿನ ವಿಷಯದಲ್ಲಿ ಉಕ್ಕಿನ ಚರಿತ್ರೆಯೂ ಕೆಲಸಕ್ಕೆ ಬರುತ್ತದೆ. ತುಕ್ಕು ಹಿಡಿಯುವ ಮಾಮೂಲಿ ಉಕ್ಕಿಗೆ ಹಣ್ಣಿನ ಹುಳಿ ತಗಲಿದರೆ ಅಲಗು ಕಪ್ಪಾಗುತ್ತದೆ, ಹಣ್ಣಿಗೂ ಕಬ್ಬಿಣದ ರುಚಿ ಅಂಟುತ್ತದೆ. 18 ಮತ್ತು 19ನೇ ಶತಮಾನಗಳ ಯೂರೋಪಿನಲ್ಲಿ ಕಿಸೆಯ ಹಣ್ಣಿನ ಚಾಕುಗಳಿಗೆ ಬೆಳ್ಳಿಯ ಅಲಗು, ಮುತ್ತಿನ ಚಿಪ್ಪಿನ ಹಿಡಿ ಹಾಕುತ್ತಿದ್ದುದು ಇದಕ್ಕೇ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಲೋಹತಜ್ಞ ಹ್ಯಾರಿ ಬ್ರಿಯರ್ಲಿ 1913ರಲ್ಲಿ ಕ್ರೋಮಿಯಂ ಬೆರೆಸಿದ ತುಕ್ಕು ಹಿಡಿಯದ ಉಕ್ಕನ್ನು ಎರಕ ಹೊಯ್ದ ಮೇಲೆ ಆ ಅಗತ್ಯ ಉಳಿಯಲಿಲ್ಲ. ಹಳೆಯ ಬೆಳ್ಳಿ ಅಲಗಿನ ಚಾಕು ಸಿಕ್ಕರೆ ಬಿಡಬೇಡಿ, ಸಮಾರಂಭಕ್ಕೆ ಅದಕ್ಕಿಂತ ಅಂದದ್ದು ಇನ್ನೊಂದಿಲ್ಲ. ಆದರೆ ಬೆಳ್ಳಿ ಮೆದು. ಮೃದು ಹಣ್ಣು ಮತ್ತು ಲಕೋಟೆ ಬಿಟ್ಟು ಬೇರೆ ಕೆಲಸಕ್ಕೆ ಹಚ್ಚಬಾರದು, ಅಲಗಿನ ಮೇಲಿನ ಮುದ್ರೆ ಅಳಿಸುವಷ್ಟು ಉಜ್ಜಬಾರದು. ಹೊಸದು ಕೊಳ್ಳುವುದಾದರೆ 12ಸಿ27 ಅಥವಾ 14ಸಿ28ಎನ್‌ನಂಥ ಸ್ವೀಡನ್ನಿನ ಸ್ಟೇನ್‌ಲೆಸ್ ಉಕ್ಕು ಧಾರಾಳವಾಯಿತು. ನಯವಾದ ಅಂಚು ಬೇಗ ಬರುತ್ತದೆ, ಸಾಣೆ ಹಿಡಿಯುವುದೂ ಸುಲಭ. ಅತಿ ಗಟ್ಟಿ ಉಕ್ಕುಗಳಿಗೆ ದುಡ್ಡು ಸುರಿಯುವ ಅಗತ್ಯ ರಿಬ್ಬನ್ ಕತ್ತರಿಸುವವರಿಗೆ ಇಲ್ಲ.

ಹಿಡಿಯ ಹೊದಿಕೆಯಲ್ಲೇ ಚಾಕುವಿನ ಚೆಲುವು ಇರುವುದು, ಜನ ಎಡವುವುದೂ ಅಲ್ಲಿಯೇ. ಮುತ್ತಿನ ಚಿಪ್ಪು ಎಲ್ಲಕ್ಕಿಂತ ಸೊಗಸು, ಆದರೆ ನೆಲಕ್ಕೆ ಒಮ್ಮೆ ಬಿದ್ದರೆ ಮೊಳೆಯ ಸುತ್ತ ಬಿರುಕು ಬಿಡುತ್ತದೆ. ಕೊಂಬು ಒಣ ಹವೆಯಲ್ಲಿ ಕುಗ್ಗಿ ಲೋಹದ ಪಕ್ಕದಲ್ಲಿ ಸಂದು ಮೂಡಿಸುತ್ತದೆ, ನೀರಲ್ಲಿ ನೆನೆದರೆ ಸೊಟ್ಟಗಾಗುತ್ತದೆ. ಕರಿಮರ ಚೆನ್ನಾಗಿ ಒಣಗಿಸಿದ್ದಾದರೆ ಗಂಭೀರ, ಕಪ್ಪು ಸೂಟಿಗೆ ಹೇಳಿ ಮಾಡಿಸಿದ್ದು. ಬಟ್ಟೆಯ ಪದರಗಳಿಗೆ ರಾಳ ಹೊಯ್ದು ಮಾಡುವ ಮೈಕಾರ್ಟ, ನಯ ಮಾಡಿದ ಟೈಟಾನಿಯಂ — ಇವಕ್ಕೆ ಆರೈಕೆಯೇ ಬೇಡ. ಹಳೆಯ ಚಾಕುಗಳಲ್ಲಿ ಆನೆಯ ದಂತ, ಆಮೆಯ ಚಿಪ್ಪು ಇದ್ದರೆ ಕಾನೂನಿನ ತೊಡಕುಂಟು. ಅಂಥದ್ದನ್ನು ದೇಶದಿಂದ ದೇಶಕ್ಕೆ ಒಯ್ಯಲೂ ಬೇಡಿ.

ಹಳೆಯ ಸೆಲ್ಯುಲಾಯ್ಡ್ ಹಿಡಿಗಳ ಬಗ್ಗೆ ಬೇರೆಯಾಗಿ ಎಚ್ಚರಿಸಬೇಕು. ಬಣ್ಣದಲ್ಲಿ ಅವನ್ನು ಮೀರಿಸುವಂಥದ್ದಿಲ್ಲ. ಆದರೆ ವಯಸ್ಸಾದ ಸೆಲ್ಯುಲಾಯ್ಡ್ ಒಡೆಯುತ್ತ ಆಮ್ಲದ ಆವಿ ಬಿಡುತ್ತದೆ. ಅಲಗಿನ ಮೇಲೆ ಕಾರಣವಿಲ್ಲದೆ ತುಕ್ಕು, ಹಿತ್ತಾಳೆಯ ಮೇಲೆ ಹಸಿರು ಕಿಲುಬು, ಹತ್ತಿರ ಹಿಡಿದರೆ ಖಾರ ವಾಸನೆ ಕಂಡರೆ ಅದನ್ನು ಬೇರೆ ಚಾಕುಗಳಿಂದ ದೂರವಿಡಿ, ಪಕ್ಕದವುಗಳಿಗೂ ಅದೇ ತುಕ್ಕು ತಗಲುತ್ತದೆ. ಬೆಂಕಿಗೆ ಬಲು ಬೇಗ ಹತ್ತಿಕೊಳ್ಳುವ ವಸ್ತುವೂ ಹೌದು.

ಹೆಸರಾಂತ ಚಾಕುಗಳನ್ನು ಈ ಅಳತೆಗೆ ಹಿಡಿದು ನೋಡಿದರೆ: ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ ಕಂಪನಿಯ ಕೆಡೆಟ್ ಮಡಚಿದಾಗ 84 ಮಿ.ಮೀ., ಸುಮಾರು 45 ಗ್ರಾಂ, ಬೆಳ್ಳಿ ಬಣ್ಣದ ಅಲ್ಯುಮಿನಿಯಂ ಹೊದಿಕೆ, ತೆಳ್ಳಗೆ. ಹೆಚ್ಚಿನವರಿಗೆ ಇದೇ ಸಾಕು. ಅದೇ ಕಂಪನಿಯ 58 ಮಿ.ಮೀ. ಕ್ಲಾಸಿಕ್ ಕಿಸೆಯಲ್ಲಿದೆ ಎನ್ನುವುದೇ ಮರೆತುಹೋಗುತ್ತದೆ, ಆದರೆ ಅಲಗು ಹಣ್ಣಿಗೆ ಚಿಕ್ಕದು. ಅಮೆರಿಕದ ಕೇಸ್ ಕಂಪನಿಯ ಪೀನಟ್ ಮಡಚಿದಾಗ 73 ಮಿ.ಮೀ., ಎರಡು ಅಲಗು, ಮೂಳೆಯ ಹೊದಿಕೆ, ಒಳ್ಳೆಯ ಆಯ್ಕೆ. ಫ್ರಾನ್ಸಿನ ಒಪಿನೆಲ್ ನಂಬರ್ 6 ಹಗುರ. ಹಿಡಿ ದುಂಡಾಗಿರುವುದರಿಂದ ಸೂಟಿನಲ್ಲಿ ಉಬ್ಬುತ್ತದೆ, ಮೇಲಾಗಿ ತಿರುಗುವ ಉಂಗುರದ ಲಾಕ್ ಬೇರೆ. ಲಾಯೋಲ್ ಚಾಕುವಿನ ಬಾಗು ಬಹಳ ಚೆಲುವು. ಮಾಮೂಲಿ ಹಿಡಿ 11–12 ಸೆಂ.ಮೀ. ಇರುವುದರಿಂದ ಅದು ಕಿಸೆಗಿಂತ ಮೇಜಿಗೆ ಒಪ್ಪುತ್ತದೆ. ಆ ಹೆಸರು ಒಂದೇ ಕಂಪನಿಯ ಸ್ವತ್ತಲ್ಲವಾದ್ದರಿಂದ ಹೆಸರಿಗಿಂತ ತಯಾರಕರ ಮುದ್ರೆ ನೋಡಿ ಕೊಳ್ಳಬೇಕು.

ಕ್ಲಿಪ್ ಇರುವ ಚಾಕು ಬೇಡ. ಅದು ಕಿಸೆಯ ಅಂಚಿನ ನೂಲನ್ನು ಕಿತ್ತು ಹಾಕುತ್ತದೆ. ತೆಳು ಚರ್ಮದ ಚೀಲದಲ್ಲಿಟ್ಟು ಕಿಸೆಯಲ್ಲಿಡಿ, ನಾಣ್ಯ ಮತ್ತು ಕೀಲಿಗಳಿಂದ ಬೇರೆಯಾಗಿ. ಮನೆಗೆ ಬಂದ ಮೇಲೆ ಚೀಲದಿಂದ ತೆಗೆದುಬಿಡಿ; ಚರ್ಮ ಹದಮಾಡುವ ರಾಸಾಯನಿಕ ಮತ್ತು ತೇವ ಸೇರಿ ಹಿತ್ತಾಳೆಗೆ ಕಿಲುಬು, ಉಕ್ಕಿಗೆ ತುಕ್ಕು ತರುತ್ತವೆ.

ಯಾರಾದರೂ ಕೇಳಿದರೆ ಮಡಚಿಯೇ ಕೊಡಿ. ಬಿಡಿಸಲು ಕಷ್ಟಪಡುವವರಾದರೆ ಅವರ ಪರವಾಗಿ ನೀವೇ ಕತ್ತರಿಸಿಕೊಡುವುದು ಮರ್ಯಾದೆ. ಹಣ್ಣು ಹೆಚ್ಚಿದ ಮೇಲೆ ಅಲಗನ್ನು ಬೆನ್ನಿನ ಕಡೆಯಿಂದ ಅಂಚಿನತ್ತ ಒರೆಸಿ ಮಡಚಿ. ಒದ್ದೆ ಅಲಗು ಒಳಗೆ ಹೋದರೆ ಸಕ್ಕರೆ ಒಣಗಿ ಸಂದಿನಲ್ಲಿ ಅಂಟಾಗುತ್ತದೆ.

ಸಂದಿಗೆ ತಿಂಗಳಿಗೊಮ್ಮೆ ಒಂದೇ ಹನಿ ಮಿನರಲ್ ಆಯಿಲ್ ಹಾಕಿ ನಾಲ್ಕಾರು ಸಲ ಬಿಡಿಸಿ ಮಡಚಿ, ಹೊರಬಂದ ಕಪ್ಪು ಎಣ್ಣೆ ಒರೆಸಿ. ಅಡುಗೆ ಎಣ್ಣೆ ಹಾಕಬಾರದು, ಅದು ಕಮಟಾಗಿ ಗೋಂದಿನಂತೆ ಕಟ್ಟಿಕೊಳ್ಳುತ್ತದೆ. ಸಾಣೆಗೆ 1000 ಗ್ರಿಟ್ ಕಲ್ಲು (ಗ್ರಿಟ್ ಅಂಕ ಹೆಚ್ಚಿದಷ್ಟೂ ಕಲ್ಲು ನಯ), ಆಮೇಲೆ 3000, ಕೊನೆಗೆ ಚರ್ಮದ ಪಟ್ಟಿ. ಒಂದೊಂದು ಬದಿಗೂ 15 ಡಿಗ್ರಿ ಇಡಬೇಕಾದರೆ 12 ಮಿ.ಮೀ. ಅಗಲದ ಅಲಗಿನ ಬೆನ್ನನ್ನು ಕಲ್ಲಿನಿಂದ 3 ಮಿ.ಮೀ. ಎತ್ತಿ ಹಿಡಿಯಿರಿ. ಕಲ್ಲಿಗೆ ಉಜ್ಜುವಾಗ ಹಿಡಿಯ ಲೋಹದ ತುದಿಗಳ ಮೇಲೆ ಒಂದು ಸುತ್ತು ಟೇಪ್ ಅಂಟಿಸಿ, ಇಲ್ಲವಾದರೆ ಕೈ ಜಾರಿದಾಗ ಅದರ ಹೊಳಪಿನ ಮೇಲೆ ಗೀರು ಬೀಳುತ್ತದೆ.