ಬೊಜ್ಜಿಗೂ ಎಕನಾಮಿಕ್ಸಿಗೂ ಏನು ಸಂಬಂಧ ಅಂತ ಕೇಳುವವರಿಗೆ

ರಾಗಿಮುದ್ದೆ ತಿಂದರೆ ಸಣ್ಣ ಆಗಬಹುದಾ ಅಂತ ದಯವಿಟ್ಟು ನನ್ನನ್ನು ಕೇಳಬೇಡಿ. ನಾನು ಪಥ್ಯ ಬರೆದುಕೊಡುವವಳಲ್ಲ. ಜನರಿಗೆ ಬೊಜ್ಜು ಬಾರದಂತೆ ತಡೆಯಲು ಸರ್ಕಾರ ಏನೇನೋ ಮಾಡಬಹುದು. ಅದರಲ್ಲಿ ಯಾವುದಕ್ಕೆ ಸುರಿದ ದುಡ್ಡಿಗೆ ಎಷ್ಟು ಆರೋಗ್ಯ ಸಿಗುತ್ತೆ ಅಂತ ಲೆಕ್ಕ ಹಾಕುವವಳು. ಸಂಬಳ ಬರುವುದೂ ಅದಕ್ಕೇ.

ಪ್ರಶ್ನೆಗಿಂತ ಕೇಳುವ ರೀತಿ ಮೈ ಉರಿಸುತ್ತೆ. ಕಣ್ಣು ಮೊದಲು ನನ್ನ ಹೊಟ್ಟೆಗೆ ಹೋಗಿ ಆಮೇಲೆ ಮುಖಕ್ಕೆ ಬರುತ್ತೆ. ಮುಳಬಾಗಿಲಿನ ಮದುವೆಯೊಂದರಲ್ಲಿ ಎರಡನೇ ಒಬ್ಬಟ್ಟಿಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದೆ. ಪಕ್ಕದ ಎಲೆಯಿಂದ ದೊಡ್ಡಪ್ಪ, "ಏನಮ್ಮಾ, ಬಾಯಿ ಕಟ್ಟಿದ್ರೆ ಆಗೋ ಕೆಲ್ಸಕ್ಕೆ ಪಿಎಚ್‌ಡಿ ಯಾಕಮ್ಮಾ?" ಅಂದರು. ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಒಬ್ಬಟ್ಟು ಬಿಡಲಿಲ್ಲ.

ಬಾಯಿ ಕಟ್ಟಬೇಕಂತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 2015-16ರಲ್ಲಿ ದೇಶದ ಹೆಂಗಸರಲ್ಲಿ ಶೇ. 21ರಷ್ಟು ಮಂದಿಗೆ ಅತಿತೂಕ ಅಥವಾ ಬೊಜ್ಜು, 2019-21ರಲ್ಲಿ ಶೇ. 24. ಅಷ್ಟು ಜನ ಒಟ್ಟಿಗೆ ನಾಲಿಗೆ ಚಪಲಕ್ಕೆ ಬಿದ್ದರಾ? ನಾಲಿಗೆ ಹಳೆಯದೇ. ಬಸ್‌ಸ್ಟ್ಯಾಂಡ್ ಅಂಗಡಿಯಲ್ಲಿ ಸರದ ಹಾಗೆ ನೇತಾಡುವ ಕುರುಕಲು ಪ್ಯಾಕೆಟ್ಟುಗಳು ಮಾತ್ರ ಹೊಸವು.

ಇದಕ್ಕೆ ಸರ್ಕಾರ ಏನು ಮಾಡಬಹುದು ಅಂತೀರಾ? ಮೆಕ್ಸಿಕೊ 2014ರಲ್ಲಿ ಸಕ್ಕರೆ ಪಾನೀಯಕ್ಕೆ ಲೀಟರಿಗೆ ಒಂದು ಪೆಸೊ ತೆರಿಗೆ ಹಾಕಿತು. ಖರೀದಿ ಎರಡು ವರ್ಷಗಳಲ್ಲಿ ಸರಾಸರಿ ಶೇ. 7.6 ಇಳಿಯಿತು. ಬ್ರಿಟನ್ನಿನವರು 2018ರಲ್ಲಿ ಇನ್ನೂ ಜಾಣತನ ತೋರಿಸಿದರು: 100 ಮಿ.ಲೀ.ಗೆ 5 ಗ್ರಾಂಗಿಂತ ಕಡಿಮೆ ಸಕ್ಕರೆ ಇದ್ದರೆ ಆ ತೆರಿಗೆಯೇ ಇಲ್ಲ. ಎಷ್ಟೋ ಕಂಪನಿಗಳು ತಾವಾಗಿಯೇ ಸಕ್ಕರೆ ಇಳಿಸಿದವು. ಕುಡಿಯುವವರು ಬಾಯಿ ಕಟ್ಟಲಿಲ್ಲ, ದೊಡ್ಡಪ್ಪ.

ನನ್ನನ್ನು ಕೇಳಬೇಕಾದದ್ದು ಇದು: ನಮ್ಮಲ್ಲೂ ಕೋಲಾ ಮೇಲೆ ಶೇ. 40 ಜಿಎಸ್‌ಟಿ ಇದೆಯಲ್ಲ, ಇನ್ನೇನು ತಕರಾರು? ಸಕ್ಕರೆ ತುಂಬಿದ ಬಾಟಲಿಗೂ ಶೇ. 40, ಸಕ್ಕರೆಯೇ ಇಲ್ಲದ ಡಯಟ್ ಬಾಟಲಿಗೂ ಅಷ್ಟೇ. ಸಕ್ಕರೆ ತೆಗೆದ ಕಂಪನಿಗೆ ತೆರಿಗೆಯಲ್ಲಿ ಒಂದು ಪೈಸೆ ಉಳಿಯಲ್ಲ. ಮತ್ತೆ ಯಾಕೆ ತೆಗೀತಾರೆ?

ಬೆಲೆ ಏರಿದರೆ ಬಡವರಿಗೇ ಹೊಡೆತ ಅಲ್ವಾ ಅಂತ ಯಾರಾದರೂ ಎದುರು ಹಾಕಿದರೆ ಕಾಫಿ ನಾನೇ ಕೊಡಿಸ್ತೀನಿ. ಹೊಡೆತ ಹೌದು. ಆದರೆ ಸಕ್ಕರೆ ಕಾಯಿಲೆ ಬಂದ ಮೇಲೆ ಕೂಲಿ ಬಿಟ್ಟು ಆಸ್ಪತ್ರೆಯಲ್ಲಿ ಸಾಲು ನಿಲ್ಲುವವರೂ ಅವರೇ. ಎರಡನ್ನೂ ಕೂಡಿ ಕಳೆದು ನೋಡಬೇಕು. ಆ ಲೆಕ್ಕಕ್ಕೇ ಪಿಎಚ್‌ಡಿ ಬೇಕಾಗಿದ್ದು.