ಅನ್ಯಾಂಗ್‌ನಲ್ಲಿ ಗ್ರಹಣದ ಮೂಳೆ ಹುಡುಕಲು ಹೊರಟವರಿಗೆ

ಚೀನೀ ಲಿಪಿಯ ಮೊದಲ ರೂಪವನ್ನೂ ಅದರಲ್ಲೇ ಕೊರೆದ ಚಂದ್ರಗ್ರಹಣವನ್ನೂ ಒಂದೇ ಕಡೆ ನೋಡಬಹುದೆಂದು ಹೆನಾನ್ ಪ್ರಾಂತ್ಯದ ಅನ್ಯಾಂಗ್‌ಗೆ ಹೋದರೆ ಅರ್ಧ ಮೋಸವೇ. ಈ ಲಿಪಿ ಉಳಿದಿರುವುದು ಶಾಂಗ್ ರಾಜರ ಕಾಲದಲ್ಲಿ ಶಕುನ ಕೇಳಲು ಬಳಸಿ ಅಕ್ಷರ ಕೊರೆದ ಮೂಳೆ, ಆಮೆಚಿಪ್ಪುಗಳ ಮೇಲೆ. ಕ್ರಿ.ಪೂ. 1192ರ ಗ್ರಹಣದ್ದೆಂದು ಗುರುತಿಸಿರುವ ಪ್ರಸಿದ್ಧ ಮೂಳೆ ಇರುವುದು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ. 1936ರಲ್ಲಿ ಅನ್ಯಾಂಗ್‌ನ ಉತ್ಖನನದಲ್ಲಿ ವೈಎಚ್127 ಎಂಬ ಗುಂಡಿಯಲ್ಲಿ ಸಿಕ್ಕ 17,000ಕ್ಕೂ ಹೆಚ್ಚು ಚೂರುಗಳು ತೈಪೆ ಸೇರಿವೆ. ಶಾಂಗ್ ರಾಜಧಾನಿಯ ಅವಶೇಷವಾದ ಯಿನ್‌ಶುವಿನ ಅರಮನೆ ಆವರಣದಲ್ಲಿ ತೋರಿಸುವುದು ಆ ಗುಂಡಿಯ ಪ್ರತಿಕೃತಿ. ಅಸಲಿ ಮೂಳೆ ಬೇಕಿದ್ದರೆ ಹುವಾನ್ ನದಿಯಾಚೆ 2024ರಲ್ಲಿ ತೆರೆದ ಹೊಸ ಮ್ಯೂಸಿಯಂಗೆ ಹೋಗಿ. ವಾರಾಂತ್ಯ ಬೇಡವೇ ಬೇಡ, ಗಾಜಿನ ಮುಂದೆ ನಿಲ್ಲಲೂ ಜಾಗವಿರುವುದಿಲ್ಲ.

ಬಹಳಷ್ಟು ಅಕ್ಷರ ಉಗುರಿನಷ್ಟೂ ಇಲ್ಲ. ಫೋನನ್ನು ಗಾಜಿಗೆ ಓರೆಯಾಗಿ ಹಿಡಿದು ಝೂಮ್ ಮಾಡಿದರೆ ಗೀಟು ಕಾಣುತ್ತದೆ. ದುಂಡನೆಯ ಸೂರ್ಯನನ್ನು ಹುಡುಕಬೇಡಿ: ಗಟ್ಟಿ ಮೂಳೆಯ ಮೇಲೆ ಚಾಕು ಸುಲಭವಾಗಿ ತಿರುಗದು, ಹಾಗಾಗಿ ಸೂರ್ಯ ಎಂದರೆ ಮೂಲೆಗಳಿರುವ ಚೌಕ, ನಡುವೆ ಒಂದು ಗೀಟು. ಚಂದ್ರ ಓರೆ ಕುಡುಗೋಲು. ‘ಸಂಜೆ’ಗೂ ಅದೇ ಆಕಾರ, ಒಳಗಿನ ಗೀಟೊಂದೇ ವ್ಯತ್ಯಾಸ, ಅದೂ ಕಾಲಕಾಲಕ್ಕೆ ಅದಲುಬದಲು. ಗ್ರಹಣಕ್ಕೆ ಬಳಸಿದ್ದು ‘ತಿನ್ನು’ ಅಕ್ಷರ, ಕಾಲಿರುವ ಬಟ್ಟಲಿನ ಮೇಲೆ ಬಾಯಿ. ನಮ್ಮಲ್ಲಿ ಗ್ರಹಣ ಹಿಡಿಯುತ್ತದೆ, ಅಲ್ಲಿ ಚಂದ್ರನನ್ನು ತಿನ್ನುತ್ತದೆ.

ಮೊದಲ ಎರಡು ಅಕ್ಷರ ಹೆಚ್ಚಾಗಿ ದಿನದ ಹೆಸರು. 10 ಮತ್ತು 12 ಚಿಹ್ನೆಗಳನ್ನು ಜೋಡಿಸುತ್ತ ಹೋದರೆ 60 ದಿನದ ಸುತ್ತು. ನಮ್ಮ ಪ್ರಭವ, ವಿಭವಗಳ ಹಾಗೆ, ಆದರೆ ವರ್ಷಕ್ಕಲ್ಲ. ಗ್ರಹಣದ ದಿನ ಬರೆದರು, ವರ್ಷ ಬರೆಯಲಿಲ್ಲ. ಹಾಗಾಗಿ ವರ್ಷವನ್ನು ಖಗೋಳ ಲೆಕ್ಕದಿಂದಲೇ ಹಿಡಿಯಬೇಕು.

ಅನ್ಯಾಂಗ್‌ನಲ್ಲೇ ಬೇರೆಯಾಗಿರುವ ಚೀನೀ ಲಿಪಿಯ ರಾಷ್ಟ್ರೀಯ ಮ್ಯೂಸಿಯಂ ಉಚಿತ, ಸೋಮವಾರ ರಜೆ. ಪಾಸ್‌ಪೋರ್ಟ್ ಕೈಯಲ್ಲಿರಲಿ. ರೈಲು ಟಿಕೆಟ್‌ನಲ್ಲಿ ‘ಅನ್ಯಾಂಗ್ ಡೊಂಗ್’ ಎಂದಿದ್ದರೆ ಅದು ವೇಗದ ರೈಲಿನ ಪೂರ್ವ ನಿಲ್ದಾಣ, ಹಳೆಯದು ಬೇರೆ.

ಬೆಳಗಿನ ತಿಂಡಿಗೆ ಹೋಟೆಲ್ ಬಫೆ ಬಿಟ್ಟು ಗಲ್ಲಿಯಲ್ಲಿ ಫೆನ್‌ಜಿಯಾಂಗ್‌ಫಾನ್ ಕೇಳಿ. ಹೆಸರುಕಾಳಿನ ಪಿಷ್ಟ ತೆಗೆದ ಮೇಲೆ ಉಳಿದ ನೀರನ್ನು ಹುಳಿ ಬರಿಸಿ, ನವಣೆ, ಶೇಂಗಾ, ಸೋಯಾ ಹಾಕಿ ಕುದಿಸಿದ ಗಂಜಿ. ಮೊದಲ ಗುಟುಕಿಗೆ ಮುಖ ಕಿವುಚುತ್ತದೆ. ಹುಳಿ ಅಂಬಲಿ ಕುಡಿದು ಬೆಳೆದವರು ಎರಡನೇ ಬಟ್ಟಲು ಕೇಳುತ್ತಾರೆ. ಕೈಸುಡದ ಬೆಲೆ, ಹೊಟ್ಟೆಗೆ ಹಗುರ. ಪಕ್ಕದಲ್ಲೇ ಮಾರುವ ಬಿಯಾನ್‌ಫೆನ್‌ಚಾಯ್‌ನಲ್ಲಿ ಹಂದಿಯ ರಕ್ತದ ತುಂಡುಗಳಿರುತ್ತವೆ, ಸಸ್ಯಾಹಾರಿಗಳು ಗಮನಿಸಿ.

ಇನ್ನೊಂದು ದಿನವಿದ್ದರೆ ಡೆಂಗ್‌ಫೆಂಗ್ ಬಳಿಯ ಗಾವ್‌ಚೆಂಗ್. ಖಗೋಳಜ್ಞ ಗುವೊ ಶೌಜಿಂಗ್ 13ನೇ ಶತಮಾನದಲ್ಲಿ ಕಟ್ಟಿಸಿದ ವೀಕ್ಷಣಾ ಗೋಪುರ, ಅದರ ಬುಡದಿಂದ ಉತ್ತರಕ್ಕೆ ಚಾಚಿದ ನಡುಹಗಲಿನ ನೆರಳು ಅಳೆಯುವ 31.19 ಮೀಟರ್ ಉದ್ದದ ಕಲ್ಲುಸಾಲು. ಶಾವೋಲಿನ್ ಸೇರಿಸಿ ಮಾರುವ ಒಂದು ದಿನದ ಟೂರ್ ಬಸ್ಸು ಹತ್ತಬೇಡಿ: ಮಠ, ಚಹಾ ಅಂಗಡಿ, ಊಟ ಮುಗಿದು ಅಲ್ಲಿಗೆ ತಲುಪುವಾಗ ಬಿಸಿಲೇ ಇಳಿದಿರುತ್ತದೆ. ಇಡೀ ಚೀನಾಕ್ಕೆ ಒಂದೇ ಗಡಿಯಾರವಾದ್ದರಿಂದ ಅಲ್ಲಿ ಸೂರ್ಯ ನೆತ್ತಿಗೇರುವುದು 12ಕ್ಕಲ್ಲ. ತಿಂಗಳಿಗೆ ತಕ್ಕಂತೆ 12.11ರಿಂದ 12.42ರ ನಡುವೆ. ಹನ್ನೆರಡಕ್ಕೇ ಕಲ್ಲಿನ ಬಳಿ ನಿಂತಿರಿ.