ಕುಡಿತ ಬಿಟ್ಟರಲ್ಲ, ಇನ್ನೇನು?

ಮೂಡಿಗೆರೆಯಲ್ಲಿ ಯಾರ ಮನೆಯ ಮದುವೆಗೆ ಹೋದರೂ ಒಬ್ಬರಾದರೂ ಪಕ್ಕಕ್ಕೆ ಸರಿದು ಕೇಳುತ್ತಾರೆ: “ನಿಮ್ಮ ಯಜಮಾನರು ಪೂರ್ತಿ ಬಿಟ್ಟರಂತೆ. ಇನ್ನೇನು, ಈಗ ಇಬ್ಬರೂ ಚೆನ್ನಾಗಿದ್ದೀರಲ್ಲ?” ‘ಹೌದು’ ಎಂಬ ಉತ್ತರವನ್ನು ಅವರೇ ಸಿದ್ಧಮಾಡಿಕೊಂಡು ಬಂದಿರುತ್ತಾರೆ. ಛತ್ರದಲ್ಲಿ ನಕ್ಕು ಸುಮ್ಮನಾಗುತ್ತೇನೆ. ಪೂರ್ತಿ ಉತ್ತರ ಇಲ್ಲಿದೆ.

ಬಿಟ್ಟದ್ದು ನಿಜ. ಆದರೆ ಅವರು ಕುಡಿಯುತ್ತಿದ್ದ ಕಾಲಕ್ಕಿಂತ ಬಿಟ್ಟ ಮೊದಲ ವರ್ಷವೇ ನಮ್ಮ ಸಂಸಾರ ಹೆಚ್ಚು ಅಲುಗಾಡಿತು.

ಕುಡಿತದ ವರ್ಷಗಳಲ್ಲಿ ಕಾಫಿ ತೋಟವೆಲ್ಲ ನನ್ನ ಕೈಗೆ ಬಂದಿತ್ತು. ಹಣ್ಣು ಕೊಯ್ಲಿಗೆ ಆಳು ಹೊಂದಿಸುವುದು, ಶನಿವಾರದ ಬಟವಾಡೆ, ಬೆಳೆಸಾಲದ ನವೀಕರಣ, ಚೆರ್ರಿಗೆ ದರ ಕುದುರಿಸುವುದು ಎಲ್ಲವೂ. ಯಾರೂ ಕೊಟ್ಟದ್ದಲ್ಲ, ಬೇರೆ ದಾರಿ ಇರಲಿಲ್ಲ. ಬಿಟ್ಟ ಮೇಲೆ ಅವರು ಬೆಳಿಗ್ಗೆ ಆರಕ್ಕೇ ಬೂಟು ಹಾಕಿಕೊಂಡು ಕಣದಲ್ಲಿ ನಿಂತು ಲೆಕ್ಕದ ಪುಸ್ತಕ ಕೇಳಿದರು. ನನಗೆ ಮೈಯೆಲ್ಲ ಉರಿಯಿತು. ಅವರು ಕೇಳಿದ್ದು ನ್ಯಾಯವೇ, ನನ್ನ ಉರಿಯೂ ನ್ಯಾಯವೇ.

ಇನ್ನೊಂದು ಸಂಗತಿಯನ್ನು ಹೆಂಗಸರು ತಮ್ಮತಮ್ಮಲ್ಲೇ ಹೇಳಿಕೊಳ್ಳುತ್ತಾರೆ. ಅವರು ಮನೆಯೊಳಗೆ ಬಂದ ಕೂಡಲೇ ನನ್ನ ಮೂಗು ತಾನಾಗಿ ಕೆಲಸಕ್ಕಿಳಿಯುತ್ತಿತ್ತು. ಮುಖದ ಹತ್ತಿರ ಮುಖ ತಂದರೆ ಅದು ಪ್ರೀತಿಯೋ ತಪಾಸಣೆಯೋ ಅವರಿಗೂ ತಿಳಿಯುತ್ತಿರಲಿಲ್ಲ, ನನಗೂ ತಿಳಿಯುತ್ತಿರಲಿಲ್ಲ. ಅದರ ಮೇಲೆ, ಕುಡಿತ ಬಿಟ್ಟವರಿಗೆ ನಿದ್ದೆಗೇಡು, ಸಿಡಿಮಿಡಿ, ಮಂಕು ತಿಂಗಳುಗಟ್ಟಲೆ ಇರಬಹುದು. ಮೆದುಳು ಚೇತರಿಸಿಕೊಳ್ಳುವ ಬಗೆ ಅದು. ಹೆಂಡತಿಗೆ ಮಾತ್ರ ಅದು ತನ್ನ ಮೇಲಿನ ಮುನಿಸಿನಂತೆಯೇ ಕಾಣುತ್ತದೆ.

ಮತ್ತೆ ಕುಡಿಯದಿರಲೆಂದು ವೈದ್ಯರು ಕೊಡುವ ಡೈಸಲ್ಫಿರಾಮ್ ಮಾತ್ರೆಯ ಕಥೆಯೂ ಇದೇ. ಇದನ್ನು ತೆಗೆದುಕೊಳ್ಳುತ್ತಿರುವವರು ಕುಡಿದರೆ ಮದ್ಯದಿಂದ ಮೈಯಲ್ಲಿ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷವಸ್ತು ಒಡೆಯದೆ ಉಳಿದು, ಮುಖ ಕೆಂಪೇರಿ ವಾಂತಿ, ಎದೆಬಡಿತ ಶುರುವಾಗುತ್ತದೆ. ಮನೆಯವರ ಕಣ್ಣೆದುರೇ ನುಂಗಲಿ ಎಂದು ವೈದ್ಯರು ಹೇಳುವುದುಂಟು. ನಮ್ಮಲ್ಲಿ ಅದು ದಿನಾ ಬೆಳಗಿನ ವಿಚಾರಣೆಯಾಯಿತು. ಕೊನೆಗೆ ಒಂದು ಕರಾರು ಮಾಡಿಕೊಂಡೆವು: ಅವರು ನುಂಗಬೇಕು, ನಾನು ಒಂದು ಮಾತೂ ಆಡಬಾರದು. ಅವರಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸಬಹುದೇ ಎಂದು ಕೇಳುವವರೂ ಇದ್ದಾರೆ. ಬೇಡವೇ ಬೇಡ. ತಿಳಿಯದೆ ಕುಡಿದರೆ ಪ್ರಾಣಕ್ಕೇ ಅಪಾಯ, ತಿಳಿದರೆ ನಿಮ್ಮ ಕೈಯ ಅನ್ನ ಮತ್ತೆ ಮುಟ್ಟುವುದಿಲ್ಲ. ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವುದೂ ಅಷ್ಟೇ ಕೆಟ್ಟದ್ದು. ಹೆಚ್ಚು ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಎರಡು-ಮೂರು ದಿನಗಳಲ್ಲಿ ಫಿಟ್ಸ್, ಸನ್ನಿ ಬರಬಹುದು. ಆಸ್ಪತ್ರೆ ಬೇಕು.

ಈ ಪಾಡು ನನ್ನೊಬ್ಬಳದೇ ಅಲ್ಲ ಎಂದು ತಿಳಿದದ್ದು ಲೋಯಿಸ್ ವಿಲ್ಸನ್ ಅವರ ಕಥೆ ಕೇಳಿದಾಗ. ಅವರ ಗಂಡ ಬಿಲ್ ವಿಲ್ಸನ್ 1935ರಲ್ಲಿ ಅಮೆರಿಕದಲ್ಲಿ, ಕುಡಿತ ಬಿಡುವವರು ಒಬ್ಬರಿಗೊಬ್ಬರು ಆಸರೆಯಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟವನ್ನು ಆರಂಭಿಸಿದ ಇಬ್ಬರಲ್ಲಿ ಒಬ್ಬರು. ಗಂಡ ಕುಡಿತ ಬಿಟ್ಟ ಮೇಲೆ ಒಂದು ದಿನ, ಸಭೆಗೆ ಬೇಗ ಹೊರಡು ಎಂದಾಗ ಆಕೆ ಅವರತ್ತ ಷೂ ಎಸೆದರಂತೆ! ಕುಡಿಯುವವರ ಮನೆಯವರಿಗಾಗಿ 1951ರಲ್ಲಿ ಅಲ್-ಅನಾನ್ ಕಟ್ಟಿದವರಲ್ಲಿ ಆಕೆಯೇ ಮುಖ್ಯರು. ನಮ್ಮ ಕಡೆ ಧರ್ಮಸ್ಥಳದ ಮದ್ಯವರ್ಜನ ಶಿಬಿರಗಳೂ ಆಮೇಲೆ ಕುಡಿತ ಬಿಟ್ಟವರು ಸೇರುವ ನವಜೀವನ ಸಮಿತಿಗಳೂ ಇವೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. ಗಂಡನಿಗಾಗಿ ಮಾತ್ರವಲ್ಲ, ನಿಮಗಾಗಿಯೂ ಮಾಡಿ.

ನನ್ನ ಮಾತು ಹೊಡೆಯುವ ಗಂಡಸಿಗೆ ಅನ್ವಯಿಸುವುದಿಲ್ಲ. ಬಾಟಲಿ ಬಿಟ್ಟ ಕೈ ಹೊಡೆಯುವುದನ್ನೂ ಬಿಡುತ್ತದೆಂಬ ಖಾತ್ರಿಯಿಲ್ಲ. ಅಂಥ ಮನೆಯಲ್ಲಿ ಕಾದು ಕೂರಬೇಡಿ, ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ಈಗ ಬಟವಾಡೆ ಅವರದು, ಬ್ಯಾಂಕು ನನ್ನದು. ಜಗಳ ಇದೆ, ಬಹುಪಾಲು ಕಾಳುಮೆಣಸಿನ ದರದ ಬಗ್ಗೆ.

ಇತ್ತೀಚೆಗೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: “ಬಿಟ್ಟಿದ್ದಾನಂತೆ, ಹುಡುಗಿ ಕೊಡಬಹುದೇ?” ಮೊದಲ ವರ್ಷ ಹೊಸ ಸಂಬಂಧ ಬೇಡ ಎಂಬುದು ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಗಳಲ್ಲಿ ಬಾಯಿಂದ ಬಾಯಿಗೆ ಬಂದ ಬುದ್ಧಿಮಾತು. ವರ್ಷ ಕಳೆದಿದ್ದರೆ ಹುಡುಗನನ್ನೇ ಕೇಳಿ: ಕುಡಿಯಬೇಕೆನಿಸಿದ ಸಂಜೆ ಯಾರಿಗೆ ಫೋನ್ ಮಾಡುತ್ತೀಯ? ಸ್ನೇಹಿತನ ಹೆಸರು, ಡಾಕ್ಟರ ಹೆಸರು ಬಂದರೆ ಮಾತುಕತೆ ಮುಂದುವರಿಸಿ. ‘ಮದುವೆಯಾದ ಮೇಲೆ ಇವಳಿದ್ದಾಳಲ್ಲ’ ಎಂದರೆ ಇನ್ನೂ ಕಾಯಿರಿ.